ವಾಡೆಯ ಮುಂದೆ ಫಟಫಟಿ

ಎತ್ತಿನಕೇರಿ (ಲಕ್ಷ್ಮೇಶ್ವರ)
12-2-1949

ತಂಗಿ ತಿಪ್ಪವ್ವಳಿಗೆ ಅಣ್ಣ ಅಂದಾನಪ್ಪನ ಆಶೀರ್ವಾದ. ನಾವಿಲ್ಲಿ ನೆಟ್ಟಗಿದ್ದೇವೆ. ನೀನೂ ನಿನ್ನ ಶಾಲೆಯ ಹುಡುಗಿಯರೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ.

ಈ ಕಾಗದವನ್ನು ಕುಳಿತುಕೊಂಡು ಓದು. ನಾನು ಒಂದು ಮೋಟಾರು ಸೈಕಲ್ಲು, ನಮ್ಮವರ ಬಾಯಲ್ಲಿ ಫಟಫಟಿ, ಕೊಂಡಿದ್ದೇನೆ. ಐವತ್ತೈದು ತುಂಬಿ ಶಾಲೆ ಬಿಟ್ಟು ಮೂರು ತಿಂಗಳಾಗಿಲ್ಲ, ಮಾಸ್ತರಿಗೆ ತಲೆ ಕೆಟ್ಟಿತು ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ನಿನ್ನ ಅತ್ತಿಗೆ ಹನಮವ್ವ ನನ್ನೊಡನೆ ಮಾತು ಬಿಟ್ಟು ನಾಲ್ಕು ದಿನವಾಯಿತು.

ಗಾಡಿ ಹೊಸದಲ್ಲ. ಗದಗಿನ ಫಕ್ರುಸಾಬ ಯುದ್ಧದಲ್ಲಿ ಮಿಲಿಟರಿ ಲಾರಿ ಹೊಡೆದವನು. ಪುಣೆಯ ಕಡೆ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ನಾಲ್ಕು ಮುರುಕು ಫಟಫಟಿ ಹಿಡಿದು, ಅದರದ್ದು ಇದಕ್ಕೆ ಇದರದ್ದು ಅದಕ್ಕೆ ಜೋಡಿಸಿ, ಓಡುವಂಥವು ಎರಡು ಮಾಡಿದ್ದಾನೆ. ಒಂದನ್ನು ನನಗೆ ಕೊಟ್ಟ. ಒಳ್ಳೆಯ ಎತ್ತಿಗಿಂತ ಅಗ್ಗ. ದನದ ಸಂತೆಯಲ್ಲಿ ಮಾಡುವ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸಿದೆವು. ಇದಕ್ಕೆ ವಯಸ್ಸೆಷ್ಟು ಎಂದು ಕೇಳಿದೆ. "ಎತ್ತಿನದಾದ್ರ ಹಲ್ಲ ನೋಡಬಹುದರಿ ಮಾಸ್ತರ. ಇದರದ್ದು ನಾ ಹೇಳಿದ್ದ ಖರೆ," ಎಂದು ನಕ್ಕ.

ಯಾಕೆ ಕೊಂಡೆ ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ಬರೆದರೆ ಹೊಟ್ಟೆಯ ಉರಿ ಸ್ವಲ್ಪ ತಣಿಯುತ್ತದೆ.

ಮೂವತ್ತೆರಡು ವರ್ಷದ ಹಿಂದೆ ನಿನ್ನ ಮದುವೆಯ ದಿನ ಶಿರಹಟ್ಟಿಯ ಬೀಗರು ಬಂದರು. ಮದುಮಗ ಗವಿಸಿದ್ದಪ್ಪ ಕುದುರೆಯ ಮೇಲಿದ್ದ. ನಮ್ಮ ಊರಿನ ಅಗಸಿ ಬಾಗಿಲು ದಾಟಿದರೆ ಇನಾಮದಾರರ ವಾಡೆ. ವಾಡೆಯ ಬಾಗಿಲಿನಿಂದ ಹನುಮಪ್ಪನ ಗುಡಿಯವರೆಗೆ ಯಾರೂ ಸವಾರಿಯ ಮೇಲೆ ಹೋಗುವಂತಿಲ್ಲ. ಇಳಿದು, ಕಾಲಿನ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕು. ವಾಡೆಯ ಸಿಪಾಯಿ ಯಮನೂರಪ್ಪ ಲಗಾಮಿಗೆ ಕೈ ಹಾಕಿದ. ಅವನ ಎಡಗೈಯಲ್ಲಿದ್ದ ಬೆಳ್ಳಿಯ ಕಡಗ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೀಗರಿಗೆ ಅವಮಾನವಾಯಿತು, ಬಂದ ದಾರಿಯಲ್ಲೇ ಕುದುರೆ ತಿರುಗಿಸಿದರು. ಅರಿಷಿಣ ಹಚ್ಚಿಸಿಕೊಂಡ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಅಪ್ಪ ಹತ್ತು ದಿನದಲ್ಲಿ ನಿನ್ನನ್ನು ಮುಂಡರಗಿಯ ಎರಡನೇ ಸಂಬಂಧಕ್ಕೆ ಕೊಟ್ಟ. ನಿನಗೆ ಹದಿನೈದು, ಅವರಿಗೆ ನಲವತ್ತೊಂದು. ಇಪ್ಪತ್ತೆರಡು ತುಂಬುವ ಹೊತ್ತಿಗೆ ನಿನ್ನ ಕುಂಕುಮ ಹೋಯಿತು.

ಅಂದಿನಿಂದ ನಾನು ಆ ದಾರಿ ತುಳಿದಿಲ್ಲ. ಹಳ್ಳ ಇಳಿದು, ಹೊಲದ ಬದುವಿನ ಮೇಲೆ ಹಾಯ್ದು ಶಾಲೆಗೆ ಹೋದೆ. ಈಗ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ವರ್ಷವಾಗುತ್ತ ಬಂತು. ಇನಾಮದಾರನ ಮಾತಿಗೆ ಇನ್ನು ಬೆಲೆಯಿಲ್ಲ. ಆದರೂ ನಮ್ಮ ಜನ ಆ ಬಾಗಿಲ ಮುಂದೆ ಸೈಕಲ್ಲಿನಿಂದ ಇಳಿಯುತ್ತಾರೆ. ಯಾರೂ ಇಳಿಸುವುದಿಲ್ಲ, ತಾವಾಗಿಯೇ ಇಳಿಯುತ್ತಾರೆ. ಮುದುಕ ಇನಾಮದಾರ ಇನ್ನೂ ಬದುಕಿದ್ದಾನೆ, ಮುಂಜಾನೆ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಾನೆ. ಸಾಯುವುದರೊಳಗೆ ಅವನ ಕಿವಿ ಈ ಫಟಫಟಿಯ ಸದ್ದು ಕೇಳಬೇಕು, ಅವನ ಕಣ್ಣು ನಾನು ಇಳಿಯದೆ ಹೋಗುವುದನ್ನು ನೋಡಬೇಕು.

ಪ್ರತಿ ಪಂಚಮಿಗೆ ನಿನ್ನನ್ನು ಕರೆಯಲು ಬರುತ್ತೇನೆ. ಒಮ್ಮೆ ನೀನು ಮಲಮಗನಿಗೆ ಜ್ವರ ಎಂದೆ, ಒಮ್ಮೆ ಶಾಲೆಯ ತಪಾಸಣೆ ಎಂದೆ. ಒಂದು ಸಲವೂ ತವರಿಗೆ ಬರಲಿಲ್ಲ. ಆ ವಾಡೆಯ ಮುಂದೆ ತಲೆ ತಗ್ಗಿಸಿ ನಡೆಯಲು ನಿನಗೆ ಮನಸ್ಸಿಲ್ಲವೆಂದು ನನಗೆ ಗೊತ್ತು. ಈ ಪಂಚಮಿಗೆ ನಿನ್ನನ್ನು ಹಿಂದೆ ಕೂರಿಸಿಕೊಂಡು ಆ ಬಾಗಿಲ ಮುಂದೆಯೇ ಹಾಯುತ್ತೇನೆ. ನಿನ್ನ ಸೇಡನ್ನು ನಾನು ತೀರಿಸುತ್ತೇನೆ.

ನಿನ್ನ ಅಣ್ಣ
ಅಂದಾನಪ್ಪ

ಮುಂಡರಗಿ
27-2-1949

ಅಣ್ಣನಿಗೆ ತಂಗಿ ತಿಪ್ಪವ್ವ ಮಾಡುವ ನಮಸ್ಕಾರ.

ಕಾಗದವನ್ನು ಕುಳಿತುಕೊಂಡೇ ಓದಿದೆ. ಶಾಲೆಯ ಮಧ್ಯಂತರದಲ್ಲಿ ಓದಿ ಒಬ್ಬಳೇ ನಕ್ಕೆ. "ಅಕ್ಕೋರು ನಗಾಕ ಹತ್ಯಾರ," ಎಂದು ಮೂರನೇ ಇಯತ್ತೆಯ ಹುಡುಗಿಯರು ಬಾಗಿಲಲ್ಲಿ ಗುಂಪುಗೂಡಿದರು. ನಾನು ನಗುವುದು ಅವರಿಗೆ ಅಷ್ಟು ಹೊಸದು.

ಅಲ್ಲ ಅಣ್ಣ, ಧೋತರ ಉಟ್ಟುಕೊಂಡು ಅದನ್ನು ಹತ್ತುತ್ತೀಯೋ, ಕಚ್ಚೆ ಬಿಗಿದು ಹತ್ತುತ್ತೀಯೋ? ಎತ್ತಿನ ಗಾಡಿ ಹೊಡೆಯಲು ಹೇಳಿದರೆ ಎತ್ತುಗಳೇ ನಿನ್ನನ್ನು ಮನೆಗೆ ತರುತ್ತಿದ್ದವು. ಇದಕ್ಕೆ ಮನೆಯ ದಾರಿಯೂ ಗೊತ್ತಿಲ್ಲ. ಅತ್ತಿಗೆಯ ಸಿಟ್ಟು ನ್ಯಾಯವಾದದ್ದೇ. ಪಾಪ, ಅವಳಿಗೆ ನನ್ನ ನಮಸ್ಕಾರ ತಿಳಿಸು.

ಇಲ್ಲಿ ಹೊಳೆಯಾಚೆಯ ಗಲಾಟೆ ಅಡಗಿ ಜನ ನೆಮ್ಮದಿಯಾಗಿದ್ದಾರೆ. ರಜಾಕಾರರಿಗೆ ಹೆದರಿ ಬಂದವರ ಮಕ್ಕಳು ಇನ್ನೂ ಐದಾರು ಜನ ನಮ್ಮ ಶಾಲೆಯಲ್ಲಿದ್ದಾರೆ.

ಪಂಚಮಿಯ ಮಾತು ಆಮೇಲೆ ನೋಡೋಣ. ನೀನು ಆ ದಿನದ ವಿಷಯ ಬರೆದದ್ದಕ್ಕೆ ಒಂದು ಕೇಳಬೇಕೆನಿಸಿತು. ನಾನು ಅರಿಷಿಣದ ಸೀರೆಯಲ್ಲಿದ್ದವಳು, ಹೊರಗೆ ಬರುವಂತಿರಲಿಲ್ಲ. ಅಲ್ಲಿದ್ದವನು ನೀನು. ಲಗಾಮು ಯಮನೂರಪ್ಪನ ಕೈಯಲ್ಲಿತ್ತು ಎಂದೆ. ಕುದುರೆಯ ಪಕ್ಕದಲ್ಲಿ ಯಾರು ನಿಂತಿದ್ದರು?

ತಿಪ್ಪವ್ವ

ಎತ್ತಿನಕೇರಿ
20-3-1949

ತಂಗಿ ತಿಪ್ಪವ್ವಳಿಗೆ ಆಶೀರ್ವಾದ.

ಧೋತರದ ಮಾತು ನೀನು ಬರೆದದ್ದೇ ತಡ, ಆಗಿಬಿಟ್ಟಿತು. ಗದಗಿನ ಬಯಲಿನಲ್ಲಿ ಫಕ್ರುಸಾಬ ಕಲಿಸುತ್ತಿದ್ದಾಗ ಚುಂಗು ಸರಪಳಿಗೆ ಸಿಕ್ಕು, ಗಾಡಿ ಒಂದು ಕಡೆ, ನಾನು ಒಂದು ಕಡೆ, ಧೋತರ ಮೂರನೆಯ ಕಡೆ. ಈಗ ಖಾಕಿ ಪ್ಯಾಂಟು ಹೊಲಿಸಿದ್ದೇನೆ. ಹುಟ್ಟಿದಂದಿನಿಂದ ಪ್ಯಾಂಟು ಹಾಕದವನು. ನನ್ನ ಕೈಯಲ್ಲಿ ಛಡಿ ಏಟು ತಿಂದವರೆಲ್ಲ ಈಗ ಮೀಸೆ ಬಂದ ಗಂಡಸರು, ಅವರೆದುರಿಗೆ ಆ ವೇಷದಲ್ಲಿ ಹೋಗಬೇಕು. ಬಲಗಾಲ ಮೀನಖಂಡ ಗಾಡಿಯ ಹೊಗೆಯ ಕೊಳವೆಗೆ ತಗುಲಿ ಸುಟ್ಟಿದೆ. ಜಾಲಿಯ ಮುಳ್ಳನ್ನು ಬೆನ್ನಿನಿಂದ ಹನಮವ್ವ ಒಂದೊಂದಾಗಿ ಕಿತ್ತಳು. ಆ ನೆಪದಲ್ಲಿ ಮಾತು ಶುರುವಾಯಿತು, ಬೈಗುಳವೇ ಆದರೂ ಮಾತೇ.

ಇದು ಹಟಮಾರಿ ಗಾಡಿ. ಹತ್ತು ಸಲ ಒದ್ದರೆ ಒಂದು ಸಲ ಜೀವ ಬರುತ್ತದೆ. ಒಮ್ಮೆ ಶುರುವಾದರೆ ಮಾತ್ರ ಅದರ ಸದ್ದಿಗೆ ಎದೆ ಉಬ್ಬುತ್ತದೆ. ಪ್ರತಿ ಸಲ ಒದೆಯುವಾಗಲೂ ಆ ವಾಡೆಯ ಬಾಗಿಲನ್ನು ಒದ್ದಂತೆ ಒದೆಯುತ್ತೇನೆ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತದೆ, ಕಲಿಯುವುದರಲ್ಲೇ ಅರ್ಧ ಖರ್ಚಾಯಿತು.

ಕುದುರೆಯ ಪಕ್ಕ ಯಾರಿದ್ದರೆಂದು ಕೇಳಿದ್ದೀಯ. ನೂರು ಜನ ಇದ್ದರು. ಬಾಜಾದವರು, ಬೀಗರು, ನಮ್ಮ ಓಣಿಯವರು. ಅಷ್ಟು ಹಳೆಯ ಮಾತು, ಯಾರು ಎಲ್ಲಿ ನಿಂತಿದ್ದರೆಂದು ಯಾರಿಗೆ ನೆನಪಿರುತ್ತದೆ. ಇಂಥ ವಿಚಾರದಲ್ಲಿ ಮನಸ್ಸು ಕೆಡಿಸಿಕೊಳ್ಳಬೇಡ. ಎಲ್ಲ ನನಗೆ ಬಿಡು.

ಅಂದಾನಪ್ಪ

ಮುಂಡರಗಿ
2-4-1949

ಅಣ್ಣನಿಗೆ ನಮಸ್ಕಾರ.

ಸುಟ್ಟ ಗಾಯಕ್ಕೆ ಲೋಳೆಸರ ಹಚ್ಚು.

ಯಮನೂರಪ್ಪನ ಕಡಗ ನಿನಗೆ ನೆನಪಿದೆ, ಅದು ಎಡಗೈಯಲ್ಲಿದ್ದದ್ದೂ ನೆನಪಿದೆ. ಪಕ್ಕದಲ್ಲಿ ನಿಂತವರು ಮಾತ್ರ ನೆನಪಿಲ್ಲ. ಇರಲಿ. ಗವಿಸಿದ್ದಪ್ಪನ ಬಲಗಾಲು ಕುದುರೆಯ ಜೀನಿಗೆ ಇಳಿಬಿಟ್ಟ ರಿಕಾಪಿನೊಳಗಿತ್ತೋ, ಹೊರಗೆ ಬಂದಿತ್ತೋ? ಅದಾದರೂ ನೆನಪಿದ್ದರೆ ಬರೆ. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ತಿಪ್ಪವ್ವ

ಎತ್ತಿನಕೇರಿ
15-5-1949

ತಂಗಿಗೆ ಆಶೀರ್ವಾದ.

ಕೆಲಸವಾಯಿತು. ನಿನ್ನೆ ಮುಂಜಾನೆ ಎಂಟು ಗಂಟೆಗೆ ಅಗಸಿಯಿಂದಲೇ ಊರೊಳಗೆ ಬಂದೆ. ಮೂವತ್ತೆರಡು ವರ್ಷದ ಮೇಲೆ ಆ ದಾರಿ ನನ್ನ ಕಣ್ಣಿಗೆ ಬಿತ್ತು. ಫಟಫಟಿಯ ಸದ್ದಿಗೆ ವಾಡೆಯ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಇನಾಮದಾರ ಕಟ್ಟೆಯ ಮೇಲಿದ್ದ, ಎದ್ದು ನಿಂತ. ಎದ್ದು ನಿಂತನೆಂದರೆ ನೀನೇ ತಿಳಿದುಕೋ. ಊರಿಗೆ ಊರೇ ಮಾಳಿಗೆ ಹತ್ತಿ ನೋಡಿತು. ನಾನು ಇಳಿಯಲಿಲ್ಲ ತಿಪ್ಪವ್ವಾ. ಆ ಬಾಗಿಲಿನಿಂದ ಹನುಮಪ್ಪನ ಗುಡಿಯವರೆಗೆ ಇಳಿಯಲಿಲ್ಲ.

ಹೆಚ್ಚು ಬರೆಯುವುದಿಲ್ಲ. ನಿನ್ನ ಪ್ರಶ್ನೆಗೆಲ್ಲ ಇದೇ ಉತ್ತರ ಎಂದು ತಿಳಿ. ಪಂಚಮಿಗೆ ತಯಾರಾಗಿರು.

ಅಂದಾನಪ್ಪ

ಮುಂಡರಗಿ
1-6-1949

ಅಣ್ಣನಿಗೆ ನಮಸ್ಕಾರ.

ಬಳೆ ಮಾರುವ ಲಕ್ಷ್ಮೇಶ್ವರದ ಮೋತಿಬಿ ಮೊನ್ನೆ ಇಲ್ಲಿಗೆ ಬಂದಿದ್ದಳು. ನನಗೆ ಬಳೆಯ ಕೆಲಸವಿಲ್ಲ, ಆದರೂ ತವರಿನ ಕಡೆಯವಳೆಂದು ಕೂರಿಸಿ ಚಹ ಕೊಟ್ಟೆ. ನೀನು ಫಟಫಟಿಯ ಮೇಲೆ ಬಂದ ದಿನ ಅವಳು ನಮ್ಮ ಊರಿನಲ್ಲೇ ಇದ್ದಳಂತೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಏನ ಹೇಳ್ಲಿ ಅಕ್ಕೋರ, ನಿಮ್ಮ ಅಣ್ಣಾರ ಗಾಡಿ ವಾಡೇದ ಬಾಗಲಕ್ಕ ಬಂದು ಗಪ್ಪಂತ ನಿಂತು ಬಿಡ್ತು. ಎಣ್ಣಿ ತೀರಿತ್ತಂತ. ಮಂದಿ ಅಂದ್ರು, ಇಳೀರಿ ಮಾಸ್ತರ, ನೂಕೋಣು ಅಂತ. ಇವರು ಎರಡೂ ಕಾಲ ನೆಲಕ್ಕ ಊರಿ, ಇಲ್ಲೆ ಮಾತ್ರ ಇಳ್ಯಾಂಗಿಲ್ಲ ಅಂತ ಕುಂತ್ರು. ಒಂದ ತಾಸಲ್ಲ, ಎರಡ ತಾಸಲ್ಲ. ಬಿಸಲು ನೆತ್ತಿಗೆ ಬಂತು. ನಿಮ್ಮ ಅತ್ತಿಗಿ ಛತ್ರಿ ಹಿಡಕೊಂಡು ಬಂದು ಬಾಜೂಕ ನಿಂತ್ಲು, ಅಳಾಕ ಹತ್ತಿದ್ಲು. ವಾಡೇದ ಮುದುಕರಿಗೆ ಕಣ್ಣ ಕಾಣೂದಿಲ್ಲ ನೋಡ್ರಿ. ಯಾರದು ಬಿಸಲಾಗ ಕುಂತಾರಲ್ಲ, ಒಳಗ ಕರೀರಿ, ಮಜ್ಜಿಗಿ ಕೊಡ್ರಿ ಅಂದ್ರು. ಅಣ್ಣಾರು ಆ ಕಡಿ ಮಾರಿ ತಿರುವಿದ್ರು. ಕಡೀಕ ಯಮನೂರಪ್ಪ ಇನ್ನಿಬ್ಬರನ ಕರಕೊಂಡು, ಅಣ್ಣಾರು ಕುಂತಾಂಗನ ಗಾಡೀನ ಗುಡೀತನಕ ನೂಕಿದ."

ಮೋತಿಬಿ ಇದ್ದಷ್ಟು ಹೊತ್ತು ನಕ್ಕೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ನೀನು ಇಳಿಯಲಿಲ್ಲ ಎಂದು ಬರೆದದ್ದು ಸುಳ್ಳಲ್ಲ. ಮದುವೆಯ ದಿನ ನಾನು ಹೊರಗೆ ಬರುವಂತಿರಲಿಲ್ಲ ಎಂದು ನಾನು ಬರೆದದ್ದೂ ಸುಳ್ಳಲ್ಲ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಅಣ್ಣ, ನಾನು ಮಾಳಿಗೆಯ ಮೇಲಿದ್ದೆ. ಬಾಜಾದ ಸದ್ದು ಕೇಳಿ ಹಿಂದಿನ ನಿಚ್ಚಣಿಕೆಯಿಂದ ಹತ್ತಿದ್ದೆ. ನಮ್ಮ ಮಾಳಿಗೆಯಿಂದ ವಾಡೆಯ ಬಾಗಿಲು ಎಷ್ಟು ಚೆನ್ನಾಗಿ ಕಾಣುತ್ತದೆಂದು ನಿನಗೆ ಗೊತ್ತು.

ಯಮನೂರಪ್ಪ "ಇಳೀರಿ" ಎಂದಾಗ ಯಾರಿಗೂ ಅವಮಾನವಾಗಲಿಲ್ಲ. ಶಿರಹಟ್ಟಿಯಲ್ಲೂ ಸಾಹೇಬರ ಮನೆಯ ಮುಂದೆ ಇಳಿದು ಹೋಗುವ ರೂಢಿ ಇತ್ತು. ಗವಿಸಿದ್ದಪ್ಪ ಬಲಗಾಲನ್ನು ರಿಕಾಪಿನಿಂದ ತೆಗೆದಿದ್ದ. ಬಾಸಿಂಗ ಸರಿಪಡಿಸಿಕೊಳ್ಳುತ್ತ ಯಾರೊಡನೆಯೋ ನಗುತ್ತಿದ್ದ. ಕುದುರೆಯ ಪಕ್ಕದಲ್ಲಿ ನಿಂತವನು ನೀನು. ಧಾರವಾಡದಲ್ಲಿ ಓದಿ, ದೊಡ್ಡ ದೊಡ್ಡ ಮಾತು ಕಲಿತು ಆಗಷ್ಟೇ ಬಂದಿದ್ದೆ. ಆ ಕಾಲನ್ನು ಎರಡೂ ಕೈಯಿಂದ ಹಿಡಿದು ಮತ್ತೆ ರಿಕಾಪಿಗೆ ತುರುಕಿದೆ. ಆಗ ನೀನು ಆಡಿದ ಮಾತು ಮಾಳಿಗೆಯವರೆಗೂ ಕೇಳಿಸಿತು. "ಈ ಬಾಗಲದ ಮುಂದ ಇಳಿಯೋ ಗಂಡಿಗೆ ನಮ್ಮ ತಂಗೀನ ಕೊಡೂದಿಲ್ಲ." ಅವರ ಅಪ್ಪ ಎರಡು ಸಲ ಕೇಳಿದರು, "ಖರೇನ ಹೇಳ್ತೀಯೇನಪಾ?" ಎರಡು ಸಲವೂ ಖರೆ ಎಂದೆ. ನಮ್ಮಪ್ಪ ಓಡಿ ಬರುವುದರೊಳಗೆ ಕುದುರೆ ತಿರುಗಿತ್ತು.

ಆ ಗಂಡು ನನಗೆ ಮನಸ್ಸಿಗೆ ಬಂದಿದ್ದ. ಇದನ್ನು ಯಾರಿಗೂ ಹೇಳಿಲ್ಲ, ನಿನಗೂ ಹೇಳಬೇಕಾಗಿರಲಿಲ್ಲ. ಆದರೆ ನನ್ನ ಹೆಸರಿನಲ್ಲಿ ಒಬ್ಬ ಕುರುಡ ಮುದುಕನ ಮೇಲೆ ಸೇಡು ತೀರಿಸಿದೆ ಎಂದು ಬರೆದೆಯಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಎರಡು ಸಲ ನಿನಗೆ ಹೇಳಲು ದಾರಿ ಬಿಟ್ಟೆ. ನೀನು ಬರಲಿಲ್ಲ.

ಪಂಚಮಿಗೆ ನಾನು ಬಾರದ್ದು ವಾಡೆಯ ಸಲುವಾಗಿ ಅಲ್ಲ, ನಿನ್ನ ಸಲುವಾಗಿ. ಮೂವತ್ತೆರಡು ಪಂಚಮಿ ನೀನು ನನ್ನ ಹೊಸ್ತಿಲಲ್ಲಿ ನಿಂತು ಒಬ್ಬನೇ ಮರಳುವುದನ್ನು ಕಿಟಕಿಯಿಂದ ನೋಡಿದ್ದೇನೆ. ಪ್ರತಿ ಸಲವೂ ನನಗೆ ಸಂತೋಷವಾಗುತ್ತಿತ್ತು. ಇದನ್ನು ಓದಿ ನಿನಗೆ ನೋವಾಗುತ್ತದೆ. ಆಗಲೆಂದೇ ಬರೆದಿದ್ದೇನೆ.

ತಿಪ್ಪವ್ವ

ಕಾರ್ಡು
ಎತ್ತಿನಕೇರಿ, 9-6-1949

ತಿಪ್ಪವ್ವಳಿಗೆ.

ನಿನ್ನ ಕಾಗದ ಮುಟ್ಟಿತು. ಅದರಲ್ಲಿ ಬರೆದದ್ದು ಸುಳ್ಳು. ನೀನು ಒಳಗಿದ್ದೆ. ಯಾರೋ ನಿನ್ನ ಕಿವಿ ಊದಿದ್ದಾರೆ.

ಅಂದಾನಪ್ಪ

ಎತ್ತಿನಕೇರಿ
3-7-1949

ತಂಗಿ ತಿಪ್ಪವ್ವಳಿಗೆ.

ಆಶೀರ್ವಾದ ಎಂದು ಬರೆಯಲು ಕೈ ಏಳುತ್ತಿಲ್ಲ.

ಕಾರ್ಡು ಹಾಕಿದ ಮರುದಿನ ಯಮನೂರಪ್ಪನ ಮನೆಗೆ ಹೋದೆ. ಅವನ ಬಾಯಿಂದ ತಪ್ಪು ಒಪ್ಪಿಸಿ ನಿನಗೆ ಬರೆದು ಕಳಿಸಬೇಕೆಂದಿದ್ದೆ. ಎಪ್ಪತ್ತು ದಾಟಿದ ಮುದುಕ, ಕೈಯಲ್ಲಿ ಕಡಗವೂ ಇಲ್ಲ. ಅವತ್ತು ಏನಾಯಿತು ಹೇಳು ಎಂದೆ. "ಬ್ಯಾಡ್ರಿ ಮಾಸ್ತರ, ಆಗಿದ್ದ ಆಗಿ ಹೋತು," ಎಂದ. ನಾನು ಬಿಡಲಿಲ್ಲ. "ಬಾಜಾ ಸಪ್ಪಳಕ್ಕ ಕುದರಿ ಬೆದರಿತ್ತು, ಅದಕ್ಕ ಲಗಾಮ ಹಿಡದಿದ್ದೆ. ಮದಮಗ ಇಳ್ಯಾಕ ಹತ್ತಿದ್ದ. ನೀವ ಬಿಡಲಿಲ್ಲ." ಇಷ್ಟು ಹೇಳಿ ನನಗೆ ಎಲೆ ಅಡಿಕೆ ಕೊಟ್ಟ.

ಅವನು ಹೇಳಿದ್ದು ನನಗೆ ಹೊಸದಲ್ಲ. ಮೊದಲಿನಿಂದಲೂ ಗೊತ್ತು. ಗವಿಸಿದ್ದಪ್ಪನ ಕಾಲಿನ ಭಾರ ನನ್ನ ಅಂಗೈಗೆ ಗೊತ್ತು. ಬೀಗರು ಎರಡನೆಯ ಸಲ ಕೇಳಿದಾಗ ನನಗೆ ಹೆದರಿಕೆಯಾಗಿತ್ತು. ತಪ್ಪಾಯಿತು ಎನ್ನಬೇಕೆಂದು ಬಾಯಿಗೆ ಬಂದಿತ್ತು. ಅಷ್ಟು ಜನರ ಮುಂದೆ ಆಡಿದ ಮಾತು ತಿರುಗಿಸಲಾಗದೆ ಮತ್ತೆ ಖರೆ ಎಂದೆ. ಆಮೇಲೆ ನಿನ್ನನ್ನು ಮುಂಡರಗಿಯ ಬಂಡಿ ಹತ್ತಿಸುವಾಗ ನಿನ್ನ ಮುಖ ನೋಡಲಿಲ್ಲ. ಯಾರ ಮೇಲಾದರೂ ಹೊರಿಸದಿದ್ದರೆ ನಾನು ಬದುಕುತ್ತಿರಲಿಲ್ಲ. ವಾಡೆ ಎದುರಿಗೇ ಇತ್ತು, ಅದರ ಮೇಲೆ ಹೊರಿಸಿದೆ. ವರ್ಷ ಹೋದಂತೆ ಅದೇ ನಿಜವೆಂದು ನನಗೇ ಅನಿಸಿತು.

ನೀನು ಏನು ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ. ಆದರೆ ಈ ಸಲ ಪಂಚಮಿಗೆ ಬಾ. ನನಗೂ ವಯಸ್ಸಾಯಿತು.

ಅಂದಾನಪ್ಪ

ಮುಂಡರಗಿ
14-7-1949

ಅಣ್ಣನಿಗೆ ನಮಸ್ಕಾರ.

ನೀನು ಬರೆದ ಮಾತಿಗಾಗಿ ನಾನು ಅರ್ಧ ಆಯುಷ್ಯ ಕಾದಿದ್ದೆ. ಓದಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು. ಎರಡನೆಯ ಸಲ ಕೇಳಿದಾಗ ನಿನಗೆ ಹೆದರಿಕೆಯಾಗಿತ್ತು ಎಂದು ಬರೆದೆಯಲ್ಲ, ಆ ಸಾಲನ್ನು ನಾನು ಮರೆಯುವುದಿಲ್ಲ.

ಪಂಚಮಿಗೆ ಬರುತ್ತೇನೆ. ನೀನು ಹೇಳಿದ ಹಾಗೆ ಫಟಫಟಿಯ ಮೇಲೆಯೇ ಬರುತ್ತೇನೆ. ಮುಂಡರಗಿಯ ಜನ ವಿಧವೆ ಮಾಸ್ತರಣಿಯನ್ನು ಆ ಗಾಡಿಯ ಮೇಲೆ ನೋಡಿ ಏನಾದರೂ ಅಂದುಕೊಳ್ಳಲಿ. ಡಬ್ಬಿಯಲ್ಲಿ ಪೆಟ್ರೋಲು ಹೆಚ್ಚಿಗೆ ತಾ. ಶಿರಹಟ್ಟಿಯಲ್ಲಿ ಎಲ್ಲೂ ನಿಲ್ಲಿಸಬೇಡ.

ವಾಡೆಯ ಬಾಗಿಲಿಗೆ ಬಂದಾಗ ನಿಲ್ಲಿಸು. ಅಲ್ಲಿ ನಾನು ಇಳಿಯುತ್ತೇನೆ. ಕಾಲ್ಮರಿ ಕೈಯಲ್ಲಿ ಹಿಡಿದು ಹನುಮಪ್ಪನ ಗುಡಿಯವರೆಗೆ ನಡೆಯುತ್ತೇನೆ. ನೀನೂ ಇಳಿಯಬೇಕು. ಕಾಲ್ಮರಿ ತೆಗೆದು, ಗಾಡಿ ನೂಕುತ್ತ ನನ್ನ ಹಿಂದೆ ಬರಬೇಕು. ಹಬ್ಬದ ದಿನ ಊರೆಲ್ಲ ಹೊರಗಿರುತ್ತದೆ, ಎಲ್ಲರೂ ನೋಡಲಿ. ದಾರಿಯಲ್ಲಿ ಹೆಜ್ಜೆ ಎಣಿಸು. ಎಷ್ಟು ಹೆಜ್ಜೆಗಾಗಿ ನನ್ನ ಬದುಕನ್ನು ಕೊಟ್ಟೆ ಎಂದು ನಿನಗೆ ಲೆಕ್ಕ ಗೊತ್ತಿರಬೇಕು.

ಇದಕ್ಕೆ ಒಪ್ಪಿಗೆ ಇದ್ದರೆ ಕರೆಯಲು ಬಾ. ಇಲ್ಲದಿದ್ದರೆ ಬರಬೇಡ.

ತಿಪ್ಪವ್ವ

ಎತ್ತಿನಕೇರಿ
5-8-1949

ತಂಗಿ ತಿಪ್ಪವ್ವಳಿಗೆ ಆಶೀರ್ವಾದ.

ಬಸ್ಸಿನಲ್ಲಿ ಸುಖವಾಗಿ ಮುಟ್ಟಿದ್ದೀ ಎಂದು ತಿಳಿದಿದ್ದೇನೆ.

ನೀನು ಮುಂದೆ ನಡೆದೆ, ಒಮ್ಮೆಯೂ ತಿರುಗಿ ನೋಡಲಿಲ್ಲ. ಅದಕ್ಕೆ ನಿನಗೆ ಕಾಣದ್ದನ್ನು ಬರೆಯುತ್ತೇನೆ. ಗಾಡಿ ಬಹಳ ಭಾರ. ಮಳೆಯ ನೀರಿಗೆ ನೆಲ ಜಾರುತ್ತಿತ್ತು, ಬರಿಗಾಲು. ಜೋಕಾಲಿ ಆಡುತ್ತಿದ್ದ ಹೆಣ್ಣುಮಕ್ಕಳು ಹಗ್ಗ ಹಿಡಿದು ನಿಂತುಬಿಟ್ಟರು. ನನ್ನ ಶಿಷ್ಯ ಪುಂಡಲೀಕಪ್ಪ ನೂಕಲು ಕೈ ಹಾಕಿದ, ನಾನು ಬೇಡವೆಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೀನು ಇಳಿದೆ ಎಂದು ಪಕ್ಕದವರು ಹೇಳಿದ ಮೇಲೆ ಇನಾಮದಾರ ಕಟ್ಟೆಯಿಂದ, "ಇಳೀಬ್ಯಾಡವ್ವಾ, ಆ ಕಾಲ ಹೋತು," ಎಂದದ್ದು ನನಗೆ ಕೇಳಿಸಿತು. "ನಿಮ್ಮ ಸಲುವಾಗಿ ಅಲ್ಲರಿ ಧಣ್ಯಾರ, ನಮ್ಮ ಅಣ್ಣನ ಸಲುವಾಗಿ," ಎಂದು ನೀನು ಹೇಳಿದ್ದೂ ಕೇಳಿಸಿತು. ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದೆ.

ಮೂವತ್ತೆಂಟು ಹೆಜ್ಜೆ. ನನ್ನ ಎಣಿಕೆ ತಪ್ಪಿರಬಹುದೆಂದು ಮರುದಿನ ಒಬ್ಬನೇ ಹೋಗಿ ಮತ್ತೆ ನಡೆದೆ. ಮೂವತ್ತೆಂಟೇ.

ನೀನು ಮನೆಯಲ್ಲಿ ಮೂರು ದಿನ ಇದ್ದೆ. ಶೇಂಗಾ ಉಂಡಿ ತಿಂದೆ, ಜೋಕಾಲಿ ಜೀಕಿದೆ, ಅತ್ತಿಗೆಯೊಡನೆ ಅಡುಗೆಮನೆಯಲ್ಲಿ ಕುಳಿತು ನಕ್ಕೆ. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆದರೂ ನೀನು ಬಂದಿದ್ದೆ, ಈ ಮನೆಯಲ್ಲಿ ಮಲಗಿದ್ದೆ. ನಾನು ಪಡಸಾಲೆಯಲ್ಲಿ ಕುಳಿತು ನಿನ್ನ ದನಿ ಕೇಳುತ್ತಿದ್ದೆ.

ಗಾಡಿಯನ್ನು ಇನ್ನು ಕಣ್ಣಿನಿಂದ ನೋಡಲಾಗುವುದಿಲ್ಲ. ಫಕ್ರುಸಾಬ ತಿರುಗಿ ತೆಗೆದುಕೊಳ್ಳುತ್ತೇನೆ ಎಂದಿದ್ದಾನೆ. ಬರುವ ವಾರ ಕೊಟ್ಟುಬಿಡುತ್ತೇನೆ. ನೀನು ಹೇಳಿದ್ದನ್ನೆಲ್ಲ ಮಾಡಿದೆ. ನಿನ್ನ ಮನಸ್ಸು ಈಗಲಾದರೂ ತಣ್ಣಗಾಯಿತೇ? ಒಂದು ಸಾಲು ಬರೆ.

ಅಂದಾನಪ್ಪ

ಕಾರ್ಡು
ಮುಂಡರಗಿ, 12-8-1949

ಅಣ್ಣನಿಗೆ ತಂಗಿಯ ನಮಸ್ಕಾರ.

ಇನ್ನೂ ತಣ್ಣಗಾಗಿಲ್ಲ. ಮುಂದಿನ ಪಂಚಮಿಗೂ ಬರುತ್ತೇನೆ, ಹಾಗೆಯೇ ಬರುತ್ತೇನೆ. ಗಾಡಿ ಮಾರಬೇಡ.

ತಿಪ್ಪವ್ವ